ಮರೆತದ್ದು ಯಂತ್ರ, ದಂಡ ನಮಗೆ

ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಒಂದಕ್ಷರ ಓದದ ಮುದುಕಿಯ ಬಾಯಲ್ಲೂ ಈಗ ಸಲೀಸಾಗಿ ಬರುವ ಇಂಗ್ಲಿಷ್ ಮಾತೊಂದಿದೆ: ‘ಸರ್ವರ್ ಡೌನ್’. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ನಿಂತವಳಿಗೆ ಸರ್ವರ್ ಡೌನ್. ಮಗಳ ಜಾತಿ ಪ್ರಮಾಣಪತ್ರಕ್ಕೆ ಹೋದವಳಿಗೆ ಸರ್ವರ್ ಡೌನ್. ವಿಧವಾ ವೇತನ ಯಾಕೆ ನಿಂತಿತು ಎಂದು ಕೇಳಲು ಹೋದವಳಿಗೂ ಅದೇ ಉತ್ತರ. ಹಿಂದೆ ಕಚೇರಿಗಳಲ್ಲಿ ‘ಸಾಹೇಬರು ಇಲ್ಲ’ ಎನ್ನುತ್ತಿದ್ದರು. ಆ ಉತ್ತರದಲ್ಲಿ ಒಂದು ಅನುಕೂಲವಿತ್ತು. ಸಾಹೇಬರು ಎಲ್ಲಿಗೆ ಹೋದರು, ಯಾವಾಗ ಬರುತ್ತಾರೆ ಎಂದು ಮರುಪ್ರಶ್ನೆ ಹಾಕಬಹುದಿತ್ತು. ಸಿಟ್ಟು ಬಂದರೆ ಸಾಹೇಬರನ್ನು ನಾಲ್ಕು ಮಾತು ಬೈಯಬಹುದಿತ್ತು. ಸರ್ವರ್ ಎಂಬುವವನಿಗೆ ಮುಖವಿಲ್ಲ, ಊರಿಲ್ಲ, ವರ್ಗಾವಣೆಯಿಲ್ಲ. ಅವನನ್ನು ಕೇಳುವುದು ಯಾರು? ಹಾಗಾಗಿ ಮಳೆ ಬರಲಿಲ್ಲ ಎಂದರೆ ಹೇಗೆ ಮುಗಿಲು ನೋಡಿ ಸುಮ್ಮನಾಗುತ್ತೇವೋ ಹಾಗೆ ಸರ್ವರ್ ಡೌನ್ ಎಂದರೂ ಸುಮ್ಮನೆ ಸೆರಗು ಸರಿಮಾಡಿಕೊಂಡು ಮನೆಗೆ ನಡೆಯುತ್ತೇವೆ.

ಹೀಗೆ ಸುಮ್ಮನಾಗಬಾರದು ಎಂದು ಹೇಳುವುದಕ್ಕೇ ಈ ಬರಹ. ಇಂಥ ಯಂತ್ರಗಳ ಕಾಯಿಲೆ ಹುಡುಕುವುದು ನನ್ನ ಹೊಟ್ಟೆಪಾಡಿನ ಕೆಲಸ. ಆ ಅನುಭವದಿಂದ ಹೇಳುತ್ತೇನೆ, ಅನೇಕ ಸಲ ಸರ್ವರ್ ಡೌನ್ ಆಗಿರುವುದೇ ಇಲ್ಲ. ಅದು ಎದ್ದೇ ಕುಳಿತಿರುತ್ತದೆ, ಕೆಲಸವನ್ನೂ ಮಾಡುತ್ತಿರುತ್ತದೆ. ಆದರೆ ನಮ್ಮನ್ನು ಮರೆತಿರುತ್ತದೆ. ಈ ಮರೆವು ದೈವದ ಆಟವಲ್ಲ. ಅದಕ್ಕೆ ಹೆಸರಿದೆ, ಕಾರಣವಿದೆ, ಮದ್ದೂ ಇದೆ. ಮದ್ದು ಗೊತ್ತಿರುವ ಕಾಯಿಲೆಗೆ ಮದ್ದು ಹಾಕದೆ ರೋಗಿಯ ಮನೆಯವರನ್ನೇ ದಿನಾ ಅಲೆದಾಡಿಸುವುದು ಅಸಡ್ಡೆ. ಆ ಅಸಡ್ಡೆಯ ಬೆಲೆಯನ್ನು ಹೆಚ್ಚಾಗಿ ತೆರುತ್ತಿರುವವರು ಹೆಂಗಸರು.

ಮೊದಲು ಕಾಯಿಲೆಗಳನ್ನು ಬೇರೆ ಬೇರೆ ಮಾಡಿ ನೋಡೋಣ. ಮಕ್ಕಳಿಗೆ ಜ್ವರ ಬಂದರೆ ನಾವು ಎಷ್ಟು ಸೂಕ್ಷ್ಮವಾಗಿ ನೋಡುತ್ತೇವೆ! ಮೈ ಸುಡುತ್ತಿದೆಯೇ, ನಡುಕವಿದೆಯೇ, ಸಂಜೆ ಮಾತ್ರ ಬರುತ್ತದೆಯೇ ಎಂದು ವಿಚಾರಿಸುತ್ತೇವೆ. ಯಂತ್ರಕ್ಕೂ ಹಾಗೆಯೇ. ಪುಟ ತೆರೆಯುವುದೇ ಇಲ್ಲವೆಂದರೆ ಯಂತ್ರ ನಿಜಕ್ಕೂ ಬಿದ್ದಿದೆ, ಇಲ್ಲವೇ ನಮ್ಮೂರಿನ ತಂತಿ ಕಡಿದಿದೆ. ಪಕ್ಕದೂರಿನಲ್ಲಿ ತೆರೆಯುತ್ತಿದ್ದರೆ ತಪ್ಪು ತಂತಿಯದು. ಪುಟ ತೆರೆಯುತ್ತದೆ, ಆದರೆ ಆಮೆಯಂತೆ ತೆವಳುತ್ತದೆ ಎಂದರೆ ಜನಜಂಗುಳಿ ಹೆಚ್ಚಾಗಿದೆ. ಪುಟ ಚೆನ್ನಾಗಿ ತೆರೆಯಿತು, ಒಂದನೆಯದು ತುಂಬಿದಿರಿ, ಎರಡನೆಯದು ತುಂಬಿದಿರಿ, ಮೂರನೆಯದರಲ್ಲಿ ‘ನಿಮ್ಮ ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ’ ಎಂದು ಬಾಗಿಲಿಗೆ ತಂದು ಬಿಟ್ಟಿತು ಎಂದರೆ ಅದು ಮರೆವು. ಈ ಮೂರೂ ಬೇರೆ ಬೇರೆ ಕಾಯಿಲೆ. ಮೂರಕ್ಕೂ ಮದ್ದು ಬೇರೆ. ಹೊರಗೆ ನಿಂತ ನಮಗೆ ಮಾತ್ರ ಮೂರಕ್ಕೂ ಒಂದೇ ಹೆಸರು ಹೇಳಿ ಕಳಿಸುತ್ತಾರೆ.

2023ರಲ್ಲಿ ಹೊಳಲಿನ ಕಡೆ ಹೋಗಿದ್ದಾಗ ಪರಿಚಯದ ಹೆಂಗಸೊಬ್ಬಳ ಜೊತೆ ಒಂದು ಅರ್ಜಿ ಕೇಂದ್ರದಲ್ಲಿ ಅರ್ಧ ದಿನ ಕುಳಿತಿದ್ದೆ. ಯಾವ ಇಲಾಖೆ, ಯಾವ ಅರ್ಜಿ ಎಂಬುದು ಇಲ್ಲಿ ಬೇಡ. ಐದು ಪುಟದ ಅರ್ಜಿ. ಆಕೆ ಕೂಲಿ ಬಿಟ್ಟು ಬಂದಿದ್ದಳು. ಮೂರನೆಯ ಪುಟದಲ್ಲಿ ಮೊಬೈಲಿಗೆ ಆರು ಅಂಕಿ ಬರಬೇಕು. ಬಂತು. ಆಕೆ ಒಂದೊಂದೇ ಅಂಕಿ ಓದಿ ಹೇಳಿದಳು. ಹುಡುಗ ಒತ್ತಿದ. ‘ಅಮಾನ್ಯ’ ಎಂದಿತು ಪರದೆ. ಮತ್ತೆ ಮೊದಲಿನಿಂದ ಹೆಸರು, ಆಧಾರ್, ಬ್ಯಾಂಕ್ ಖಾತೆ. ಮತ್ತೆ ಆರು ಅಂಕಿ. ಈ ಸಲ ನೇರವಾಗಿ ಬಾಗಿಲಿಗೇ ದೂಡಿತು. ಮೂರನೆಯ ಸಲಕ್ಕೆ ಹುಡುಗ, ‘ಯವ್ವಾ, ಅಂಕಿ ಸರಿಯಾಗಿ ಓದೀಯಿಲ್ಲೋ?’ ಎಂದ. ಆಕೆ ಗಾಬರಿಯಾಗಿ ನನ್ನ ಮುಖ ನೋಡಿದಳು. ಅಂಕಿಯನ್ನು ಆಕೆ ಸರಿಯಾಗಿಯೇ ಓದಿದ್ದಳು, ಪಕ್ಕದಲ್ಲಿ ಕುಳಿತು ನಾನೂ ನೋಡಿದ್ದೆ. ಹುಡುಗನೂ ಸರಿಯಾಗಿಯೇ ಒತ್ತಿದ್ದ. ಅಂಕಿ ಕಳಿಸಿದ ಯಂತ್ರ ಒಂದು, ಅಂಕಿ ಕೇಳಿದ ಯಂತ್ರ ಇನ್ನೊಂದು ಆದಾಗ ಹೀಗಾಗುತ್ತದೆ. ‘ಸರ್ವರ್ ಡೌನ್ ಐತ್ರೀ, ನಾಳಿಗಿ ಬರ್ರಿ’ ಎಂದು ಹುಡುಗ ಕೊನೆಗೆ ಎದ್ದ. ಆಕೆಯ ಕೂಲಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ತನಗೇ ಓದಲು ಬರುವುದಿಲ್ಲವೇನೋ ಎಂಬ ಅನುಮಾನವನ್ನು ಹೊತ್ತು ಆಕೆ ಮನೆಗೆ ಹೋದಳು. ನನಗೆ ಸಂಕಟವಾದದ್ದು ಅದಕ್ಕೆ.

ಯಂತ್ರ ಒಂದೇ ಅಲ್ಲವೇ, ಎರಡು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ದೊಡ್ಡ ಜಾಲತಾಣಗಳ ಹಿಂದೆ ಒಂದೇ ಯಂತ್ರ ಇರುವುದಿಲ್ಲ. ಒಂದೇ ಬಗೆಯ ಹತ್ತಾರು ಯಂತ್ರಗಳು ಸಾಲಾಗಿ ಕುಳಿತಿರುತ್ತವೆ. ಈ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ. ಮುಂದೆ ಒಬ್ಬ ಬಾಗಿಲು ಕಾಯುವವ ಇರುತ್ತಾನೆ, ಅವನೂ ಯಂತ್ರವೇ. ಬಂದವರನ್ನು ‘ನೀನು ಅಲ್ಲಿಗೆ, ನೀನು ಇಲ್ಲಿಗೆ’ ಎಂದು ಹಂಚುವುದು ಅವನ ಕೆಲಸ.

ಈಗ ಮೈಲಾರದ ಜಾತ್ರೆಯನ್ನು ನೆನೆಸಿಕೊಳ್ಳಿ. ಗುಡಿಗೆ ಹೋಗುವ ಮುನ್ನ ಚಪ್ಪಲಿ ಕಾಯುವವನ ಹತ್ತಿರ ಚಪ್ಪಲಿ ಬಿಡುತ್ತೀರಿ, ಅವನು 45 ಎಂದು ಬರೆದ ಬಿಲ್ಲೆ ಕೊಡುತ್ತಾನೆ. ಚಪ್ಪಲಿ ಅವನಲ್ಲಿ, ಬಿಲ್ಲೆ ನಿಮ್ಮಲ್ಲಿ. ಅಂತರಜಾಲದಲ್ಲೂ ನಡೆಯುವುದು ಇದೇ. ಜಾಲದ ಮೂಲ ನಿಯಮಕ್ಕೆ ನೆನಪೇ ಇಲ್ಲ. ಒಂದು ಪುಟ ಕೇಳಿದಿರಿ, ಕೊಟ್ಟಿತು, ಅಲ್ಲಿಗೆ ಸಂಬಂಧ ಮುಗಿಯಿತು. ಈ ಕೊರತೆ ನೀಗಿಸಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ ಎಂಬಾತ ಒಂದು ಸಣ್ಣ ಬಿಲ್ಲೆಯನ್ನು ತಂದ. ಅದರ ಹೆಸರು ಕುಕಿ. ನೀವು ಲಾಗಿನ್ ಆದೊಡನೆ ನಿಮ್ಮ ಮುಂದಿನ ಕಂಪ್ಯೂಟರಿಗೆ ಆ ಬಿಲ್ಲೆ ಬರುತ್ತದೆ. ನೀವು ತುಂಬಿದ ಹೆಸರು, ಆಧಾರ್, ಆರು ಅಂಕಿ ಎಲ್ಲವೂ ಚಪ್ಪಲಿಯ ಹಾಗೆ ಆ ಕಡೆಯ ಯಂತ್ರದಲ್ಲಿ ಇರುತ್ತವೆ. ಹೀಗೆ ಇಟ್ಟುಕೊಂಡ ನೆನಪಿಗೆ ಸೆಷನ್ ಎಂದು ಹೆಸರು.

ಜಾತ್ರೆಯಲ್ಲಿ ಒಂದೇ ಬಣ್ಣದ ಹತ್ತು ಚಪ್ಪಲಿ ಅಂಗಡಿಗಳಿದ್ದು, ನೀವು ಬಿಟ್ಟದ್ದು ಒಂದು ಕಡೆ, ವಾಪಸು ಬಂದದ್ದು ಇನ್ನೊಂದು ಕಡೆ ಎಂದರೆ ಏನಾಗುತ್ತದೆ? ಬಿಲ್ಲೆ ನಿಜವೇ, ಚಪ್ಪಲಿಯೂ ಸುರಕ್ಷಿತವೇ. ಆದರೂ ಅಂಗಡಿಯವ ನಿಮ್ಮನ್ನು ಕಳ್ಳಿಯ ಹಾಗೆ ನೋಡುತ್ತಾನೆ. ‘ಅವಧಿ ಮುಗಿದಿದೆ’ ಎಂಬ ಮಾತಿನ ಅರ್ಥ ಇಷ್ಟೇ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದು ಸಾಲಿನ ಕಾರಣಿಕ ನುಡಿಯುತ್ತಾನೆ, ವರ್ಷವಿಡೀ ಜನ ಅದಕ್ಕೆ ಅರ್ಥ ಹುಡುಕುತ್ತಾರೆ. ಅದು ದೈವವಾಣಿ, ಹಾಗಿದ್ದರೇ ಚೆಂದ. ಸರ್ಕಾರದ ಪರದೆ ಕಾರಣಿಕ ನುಡಿಯಬೇಕಾಗಿಲ್ಲ. ತಪ್ಪು ಯಾರದು ಎಂದು ತಿಳಿಯಾದ ಕನ್ನಡದಲ್ಲಿ ಹೇಳಿದರೆ ಸಾಕು.

ಹೊಳಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಹೊಸಪೇಟೆಯ ಹತ್ತಿರ ಅನಂತಶಯನಗುಡಿ ಇದೆ. ಕೃಷ್ಣದೇವರಾಯ ತನ್ನ ಮಗ ತಿರುಮಲನ ಹೆಸರಿನಲ್ಲಿ ಮಾಡಿಸಿದ ಪುರದಲ್ಲಿ, 1524ರ ಹೊತ್ತಿಗೆ ಕಟ್ಟಿಸಿದ ಗುಡಿ. ಮಲಗಿದ ದೇವರಿಗೆಂದೇ ಉದ್ದನೆಯ ಗರ್ಭಗುಡಿ ಮಾಡಿಸಿದ್ದಾನೆ. ಒಳಗೆ ದೇವರಿಲ್ಲ. ಆ ಗುಡಿಗೆಂದು ಹೇಳುವ ಅನಂತಶಯನನ ಮೂರ್ತಿ ಹೊಳಲಿನಲ್ಲೇ ಉಳಿದಿದೆ. ‘ನಿನ್ನ ಹಿಂದೆ ಬರುತ್ತೇನೆ, ತಿರುಗಿ ನೋಡಬೇಡ’ ಎಂದು ದೇವರು ಹೇಳಿದನಂತೆ, ರಾಜ ತಿರುಗಿ ನೋಡಿದನಂತೆ, ದೇವರು ಅಲ್ಲೇ ನಿಂತನಂತೆ ಎಂದು ಜನ ಕಥೆ ಹೇಳುತ್ತಾರೆ. ಗುಡಿ ಅಲ್ಲಿ, ದೇವರು ಇಲ್ಲಿ. ಕಾಯಿ ಕರ್ಪೂರ ಹಿಡಿದು ಅಲ್ಲಿಗೆ ಹೋದ ಭಕ್ತೆಯನ್ನು ‘ನಿನ್ನ ಭಕ್ತಿಯಲ್ಲೇ ದೋಷ’ ಎಂದು ಯಾರೂ ಬೈಯುವುದಿಲ್ಲ. ಅರ್ಜಿ ಕೇಂದ್ರಗಳಲ್ಲಿ ಮಾತ್ರ ಬೈಯುತ್ತಾರೆ.

ಈ ಮರೆವಿಗೆ ಕಂಡುಕೊಂಡಿರುವ ಮದ್ದೇ ಸೆಷನ್ ರೆಪ್ಲಿಕೇಷನ್, ಅಂದರೆ ನೆನಪಿನ ನಕಲು. ಒಂದು ಯಂತ್ರ ತನ್ನಲ್ಲಿರುವ ನೆನಪನ್ನು ಜೊತೆಯ ಯಂತ್ರಗಳಿಗೂ ಕೊಟ್ಟಿರುತ್ತದೆ. ನೀವು ಯಾವ ಅಂಗಡಿಗೆ ಹೋದರೂ 45ನೇ ನಂಬರಿನ ಲೆಕ್ಕ ಸಿಗುತ್ತದೆ. ಹಾಗಿದ್ದೂ ಕೆಡುವುದು ಯಾಕೆ ಎಂಬುದನ್ನು ಒಂದಿಷ್ಟು ವಿವರವಾಗಿಯೇ ಹೇಳುತ್ತೇನೆ. ‘ಅದೆಲ್ಲ ಟೆಕ್ನಿಕಲ್, ನಿಮಗೆ ತಿಳಿಯೋದಿಲ್ಲ ಬಿಡಿ’ ಎಂದು ನಮ್ಮ ಬಾಯಿ ಮುಚ್ಚಿಸುವವರಿಗೆ ಉತ್ತರ ಕೊಡಲು ಇಷ್ಟು ತಿಳಿದಿರಬೇಕು. ಹತ್ತು ಜನರ ಅಡಿಗೆಯನ್ನು ಕಣ್ಣಳತೆಯಲ್ಲಿ ನಿಭಾಯಿಸುವವರಿಗೆ ಇದು ತಿಳಿಯದ ವಿದ್ಯೆಯೇನಲ್ಲ.

ಮೊದಲು ನೋಡಬೇಕಾದದ್ದು ಬಾಗಿಲು ಕಾಯುವವನನ್ನು. ಒಮ್ಮೆ ಒಂದು ಯಂತ್ರಕ್ಕೆ ಕಳಿಸಿದವಳನ್ನು ಪ್ರತಿ ಸಲವೂ ಅದೇ ಯಂತ್ರಕ್ಕೆ ಕಳಿಸುತ್ತಾನೆಯೇ? ಕೆಲವೆಡೆ ಅವನು ಬಿಲ್ಲೆ ನೋಡುವುದಿಲ್ಲ, ಬಂದವರ ಜಾಲದ ವಿಳಾಸ ನೋಡಿ ಕಳಿಸುತ್ತಾನೆ. ಮೊಬೈಲ್ ಜಾಲದಲ್ಲಿ ಈ ವಿಳಾಸ ನಡುವೆಯೇ ಬದಲಾಗಬಹುದು. ಆಗ ಅವನ ಕಣ್ಣಿಗೆ ನೀವು ಬೇರೆಯವರು. ಇನ್ನು ಅವನು ಸರಿಯಾಗಿಯೇ ಕಳಿಸಿದ ಎಂದುಕೊಳ್ಳಿ. ಆ ಒಂದು ಯಂತ್ರ ಕೆಟ್ಟರೆ ಅದರಲ್ಲಿದ್ದ ಎಲ್ಲರ ನೆನಪೂ ಅದರ ಜೊತೆ ಸತ್ತಂತೆ. ಹಾಗಾಗಿ ನಕಲು ಬೇಕೇ ಬೇಕು.

ನಕಲು ಕೆಡಲು ಕಾರಣಗಳು ಬಹುಮಟ್ಟಿಗೆ ಸಣ್ಣವು. ಜಾವಾ ಭಾಷೆಯಲ್ಲಿ ಬರೆದ ತಂತ್ರಾಂಶದಲ್ಲಿ ‘ಇದನ್ನು ಹಂಚಬಹುದು’ ಎಂದು ಒಂದೇ ಒಂದು ಪದ ಬರೆದಿಡಬೇಕು. ಡಿಸ್ಟ್ರಿಬ್ಯೂಟಬಲ್ ಎಂಬ ಪದ. ಅದು ಮರೆತರೆ ನಕಲೇ ನಡೆಯುವುದಿಲ್ಲ. ಯಂತ್ರ ದೂರನ್ನೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ನೆನಪಿನಲ್ಲಿ ಇಡುವ ಪ್ರತಿಯೊಂದೂ ಮೂಟೆ ಕಟ್ಟಲು ಬರುವಂಥದ್ದಾಗಿರಬೇಕು. ಕಟ್ಟಲು ಬಾರದ ಒಂದೇ ಒಂದು ವಸ್ತು ಸೇರಿದರೂ ಮೂಟೆ ಹೊರಡದೆ ನಿಲ್ಲಬಹುದು. ಯಂತ್ರಗಳು ಒಂದನ್ನೊಂದು ಕೂಗಿ ಗುರುತಿಸುತ್ತವೆ. ಟಾಮ್‌ಕ್ಯಾಟ್ ಎಂಬ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ತಂತ್ರಾಂಶದಲ್ಲಿ ಈ ಕೂಗು 228.0.0.4 ಎಂಬ ವಿಳಾಸಕ್ಕೆ, 45564ನೇ ಬಾಗಿಲಿಗೆ ಹೋಗುವಂತೆ ಮೊದಲೇ ಇಟ್ಟಿರುತ್ತಾರೆ. ನಡುವಿನ ಕಾವಲು ಗೋಡೆ ಆ ಬಾಗಿಲನ್ನು ಮುಚ್ಚಿದ್ದರೆ ಕೂಗು ಕೇಳುವುದಿಲ್ಲ. ಆಗ ಹತ್ತು ಯಂತ್ರಗಳಿದ್ದರೂ ಪ್ರತಿಯೊಂದೂ ತಾನೊಬ್ಬನೇ ಎಂದುಕೊಂಡು ಕೂರುತ್ತದೆ, ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ವಾರಗಿತ್ತಿಯರ ಹಾಗೆ. ಹತ್ತರ ಗಡಿಯಾರಗಳೂ ಒಂದೇ ಸಮಯ ತೋರಿಸಬೇಕು. ಒಂದರದ್ದು ಮುಂದೆ ಓಡುತ್ತಿದ್ದರೆ ನಿಮ್ಮ ಅವಧಿ ಇನ್ನೂ ಇರುವಾಗಲೇ ಅದು ‘ಮುಗಿಯಿತು’ ಎಂದುಬಿಡಬಹುದು. ನಕಲು ಹೋಗಿ ತಲುಪಲು ಒಂದು ಗಳಿಗೆ ಬೇಕು. ಅಷ್ಟರೊಳಗೆ ನೀವು ಮುಂದಿನ ಗುಂಡಿ ಒತ್ತಿ ಬೇರೆ ಯಂತ್ರಕ್ಕೆ ಹೋದರೆ ಅಲ್ಲಿ ಹಳೆಯ ಲೆಕ್ಕವೇ ಇರುತ್ತದೆ.

ಇದಿಷ್ಟನ್ನು ಹುಡುಕಲು ಮಹಾಪಂಡಿತರು ಬೇಕಿಲ್ಲ. ಯಂತ್ರಗಳು ದಿನಚರಿ ಬರೆಯುತ್ತವೆ. ಹೊಸ ಜೊತೆಗಾರ ಬಂದದ್ದು, ಹೋದದ್ದು ಎಲ್ಲವೂ ಅದರಲ್ಲಿ ಇರುತ್ತದೆ. ಬಂದ ಸಾಲೇ ಇಲ್ಲವೆಂದರೆ ಕೂಗು ಕೇಳಿಲ್ಲ ಎಂದರ್ಥ. ಟಾಮ್‌ಕ್ಯಾಟಿನ ಕೈಪಿಡಿಯಲ್ಲಿ ಮೂಟೆಯ ಮಾತು, ಆ ಒಂದು ಪದದ ಮಾತು, ಗಡಿಯಾರದ ಮಾತು ಎಲ್ಲವನ್ನೂ ಸಾಲಾಗಿ ಪಟ್ಟಿ ಮಾಡಿ ಕೊಟ್ಟಿದ್ದಾರೆ, ಅಡಿಗೆ ಪುಸ್ತಕದಲ್ಲಿ ಬೇಕಾಗುವ ಸಾಮಾನು ಬರೆದ ಹಾಗೆ. ಪಟ್ಟಿ ಹಿಡಿದು ಒಂದೊಂದಾಗಿ ನೋಡುತ್ತ ಹೋದರೆ ಆಯಿತು. ಕೊನೆಯಲ್ಲಿ ಒಂದು ಪರೀಕ್ಷೆ ಇದೆ. ಅರ್ಜಿಯ ಮೂರು ಪುಟ ತುಂಬಿ. ನಿಮ್ಮನ್ನು ನೋಡಿಕೊಳ್ಳುತ್ತಿರುವ ಯಂತ್ರವನ್ನು ಬೇಕೆಂದೇ ಆರಿಸಿ. ಆಮೇಲೆ ನಾಲ್ಕನೆಯ ಪುಟಕ್ಕೆ ಹೋಗಿ. ಹೋದರೆ ಗೆದ್ದಿರಿ. ಬಾಗಿಲಿಗೆ ಬಂದು ಬಿದ್ದರೆ ಇನ್ನೂ ಕೆಲಸವಿದೆ. ಅರ್ಧ ಗಂಟೆಯ ಪರೀಕ್ಷೆ. ಯೋಜನೆಯ ಉದ್ಘಾಟನೆಗೆ ಮುಂಚೆ ಇದನ್ನು ಮಾಡಿದಿರಾ ಎಂದು ಕೇಳುವ ಹಕ್ಕು ನಮಗಿದೆ.

ಇನ್ನು ‘ಸರ್ವರ್ ಸಾಮರ್ಥ್ಯ ಹೆಚ್ಚಿಸಿದ್ದೇವೆ’ ಎಂಬ ಸಮಾಧಾನದ ಮಾತು. ಜನಜಂಗುಳಿಯ ಕಾಯಿಲೆಗೆ ಇದು ಮದ್ದು ಹೌದು. ಮರೆವಿನ ಕಾಯಿಲೆಗೆ ಇದು ವಿಷ. ಲೆಕ್ಕ ಹಾಕಿ ನೋಡಿ. ಐದು ಪುಟದ ಅರ್ಜಿ, ನೆನಪಿನ ನಕಲು ಇಲ್ಲ, ಬಾಗಿಲು ಕಾಯುವವ ಚೀಟಿ ಎತ್ತಿದಂತೆ ಕಳಿಸುತ್ತಾನೆ ಎಂದುಕೊಳ್ಳಿ. ಎರಡೇ ಯಂತ್ರಗಳಿದ್ದರೆ ಐದೂ ಪುಟ ಒಂದೇ ಯಂತ್ರದಲ್ಲಿ ಮುಗಿಯುವ ಸಂಭವ 16ರಲ್ಲಿ 1. ಹತ್ತು ಯಂತ್ರ ಮಾಡಿದರೆ ಅದು 10,000ದಲ್ಲಿ 1! ಎಲ್ಲರೂ ಎಲ್ಲರಿಗೂ ನಕಲು ಕೊಡುವ ಪದ್ಧತಿಯಲ್ಲೂ ತೊಡಕಿದೆ. ಹತ್ತು ಯಂತ್ರಗಳಾದರೆ ಪ್ರತಿಯೊಂದೂ ಒಂಬತ್ತು ನಕಲು ಕಳಿಸಬೇಕು, ಬರಬರುತ್ತ ನಕಲು ಮಾಡುವುದೇ ದೊಡ್ಡ ಕೆಲಸವಾಗಿಬಿಡುತ್ತದೆ. ಸೊಸೆಯಂದಿರು ಹೆಚ್ಚಾದರೆ ಅಡಿಗೆ ಬೇಗ ಆಗುವುದಿಲ್ಲ. ಉಪ್ಪು ಹಾಕಿದವರು ಯಾರು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ವ್ಯವಸ್ಥೆ ಇರಬೇಕು.

2023ರಲ್ಲಿ ನಾವೆಲ್ಲ ಕಂಡದ್ದನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಜೂನ್ 18ರಂದು ಸೇವಾ ಸಿಂಧುವಿನಲ್ಲಿ ಗೃಹಜ್ಯೋತಿಯ ನೋಂದಣಿ ಶುರುವಾಯಿತು. ಜುಲೈ 19ರಂದು ಗೃಹಲಕ್ಷ್ಮಿಯ ನೋಂದಣಿ ಶುರುವಾಗಿ, ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು. ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ. ನಾಡಿನ ಒಂದು ಕೋಟಿಗೂ ಹೆಚ್ಚು ಹೆಂಗಸರಿಗೆ ಸಂಬಂಧಿಸಿದ ಮಾತು. ಪಡಿತರ ಚೀಟಿಯಲ್ಲಿ ಯಜಮಾನಿಯ ಹೆಸರು ಮೊದಲಿರಬೇಕು ಎಂದಾಗ ತಿದ್ದುಪಡಿಗೆ ನೂಕುನುಗ್ಗಲಾಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮು, 18 ವರ್ಷ ತುಂಬಿದ ಹಿರಿಯ ಹೆಂಗಸೇ ಪಡಿತರ ಚೀಟಿಯ ಮಟ್ಟಿಗೆ ಮನೆಯ ಮುಖ್ಯಸ್ಥೆ ಎಂದು ಹತ್ತು ವರ್ಷ ಮೊದಲೇ ಹೇಳಿತ್ತು. ಕಾನೂನು ಕೊಟ್ಟ ಸ್ಥಾನವನ್ನು ಪಡೆಯಲು ನಾವು ಪಾಳಿ ನಿಂತೆವು. ಪಾಳಿಯ ಕೊನೆಯಲ್ಲಿ ಮತ್ತೆ ಸರ್ವರ್ ಡೌನ್. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದ ಹಾಗೆ.

ಆ ಜೂನ್ ತಿಂಗಳಲ್ಲಿ ಸಚಿವರೊಬ್ಬರು, ಸರ್ವರನ್ನು ಕೇಂದ್ರದವರೇ ಹ್ಯಾಕ್ ಮಾಡಿದ್ದಾರೆ ಎಂದು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನೆನಪಾಯಿತು. ನೋಡಿ, ಆ ಗಾದೆಯಲ್ಲೂ ಹೆಂಗಸಿನ ಮೇಲೆಯೇ ಗೂಬೆ!

ನೆಲ ಡೊಂಕಾಗಿದ್ದರೂ ಕುಣಿದು ತೋರಿಸಿದವರಿದ್ದಾರೆ. ಅಮೆರಿಕದಲ್ಲಿ 2013ರ ಅಕ್ಟೋಬರ್ 1ರಂದು ಆರೋಗ್ಯ ವಿಮೆಯ ಸರ್ಕಾರಿ ಜಾಲತಾಣ ತೆರೆಯಿತು. ಮೊದಲ ದಿನ ಅರ್ಜಿಯನ್ನು ಪೂರ್ತಿ ಮುಗಿಸಿ ಸೇರಲು ಆದದ್ದು ಆರೇ ಆರು ಮಂದಿಗೆ. ಅಷ್ಟು ಶ್ರೀಮಂತ ದೇಶ! ಆದರೆ ಅದೇ ತಿಂಗಳು ಅಲ್ಲಿನ ಆರೋಗ್ಯ ಖಾತೆಯ ಮುಖ್ಯಸ್ಥೆ ಕ್ಯಾಥ್ಲೀನ್ ಸೆಬೆಲಿಯಸ್ ಸಂಸತ್ ಸಮಿತಿಯ ಮುಂದೆ ಕುಳಿತು, ಇದಕ್ಕೆ ನಾನೇ ಹೊಣೆ ಎಂದು ಒಪ್ಪಿದರು. ಯಂತ್ರಗಳ ಕಾಯಿಲೆಗಳನ್ನು ಪಟ್ಟಿ ಮಾಡಿ, ದಿನವೂ ಕೂತು ಒಂದೊಂದಾಗಿ ಸರಿಮಾಡಿ ಎರಡು ತಿಂಗಳಲ್ಲಿ ಬಹುಪಾಲು ಜನರಿಗೆ ಬಳಸಲು ಬರುವಂತೆ ಮಾಡಿದರು. ನಮ್ಮಲ್ಲೂ ಕೈಲಾಗದವರೇನಿಲ್ಲ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೇ ಮಾದರಿಯಾದ ರಾಜ್ಯ ಇದು. ಬೆಂಗಳೂರಿನ ನಮ್ಮ ಹುಡುಗ ಹುಡುಗಿಯರು ಲೋಕದ ಬ್ಯಾಂಕುಗಳ ಯಂತ್ರಗಳನ್ನು ರಾತ್ರಿಯೆಲ್ಲ ಎದ್ದು ಕಾಯುತ್ತಾರೆ. ಹಣದ ಯಂತ್ರ ಮರೆಯದಂತೆ ನೋಡಿಕೊಳ್ಳಲು ಬರುವವರಿಗೆ ಅಕ್ಕಿಯ ಯಂತ್ರ ಮರೆಯದಂತೆ ನೋಡಿಕೊಳ್ಳಲು ಬಾರದೇ?

2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ಕೆಟ್ಟು ನಿಂತಿತ್ತು. ಕೆಲವೇ ವಾರಗಳಲ್ಲಿ, ಅದು ಹೊರಗಿನವರು ಬೇಕೆಂದೇ ಸುಳ್ಳು ಬೇಡಿಕೆಗಳನ್ನು ಸುರಿದು ಮಾಡಿದ ದಾಳಿ ಎಂದು ಸರ್ಕಾರ ಬಹಿರಂಗವಾಗಿ ಹೇಳಿ ಪೊಲೀಸರಿಗೆ ದೂರು ಕೊಟ್ಟಿತು. ಒಳ್ಳೆಯದೇ ಆಯಿತು. ಕಾಯಿಲೆಗೆ ಹೆಸರಿಟ್ಟರು, ಜನಕ್ಕೆ ತಿಳಿಸಿದರು. ನೋಂದಣಿ ನಿಂತರೆ ಖಜಾನೆಗೆ ಬರುವ ಹಣ ನಿಲ್ಲುತ್ತದೆ. ಮುದುಕಿಯೊಬ್ಬಳ ಅರ್ಜಿ ನಿಂತರೆ ಖಜಾನೆಯಿಂದ ಹೋಗುವ ಹಣ ನಿಲ್ಲುತ್ತದೆ. ಎರಡನೆಯದರ ಕಾರಣ ಹುಡುಕಲು ಮೊದಲನೆಯದರಷ್ಟೇ ಅವಸರ ಇರುತ್ತದೆಯೇ? ಈ ಪ್ರಶ್ನೆ ಕಟುವಾಯಿತು ಎನ್ನುವವರು ಒಂದು ದಿನ ಪಾಳಿಯಲ್ಲಿ ನಿಂತು ಬಂದು ಉತ್ತರ ಹೇಳಲಿ.

‘ಬಿಟ್ಟಿ ಸಿಗುವುದಕ್ಕೆ ಇಷ್ಟು ಗಲಾಟೆಯೇ’ ಎನ್ನುವವರೂ ಇದ್ದಾರೆ. ಅವರಲ್ಲಿ ಕೆಲವರು ಹೆಂಗಸರೇ. ಅವರಿಗೆ ನನ್ನ ಉತ್ತರ: ಪಾಳಿಯಲ್ಲಿ ಕಳೆದ ದಿನದ ಕೂಲಿಯನ್ನು ಕಳೆದು ನೋಡಿ, ಬಿಟ್ಟಿ ಎಷ್ಟು ಉಳಿಯುತ್ತದೆ ಎಂದು. ‘ಜನ ಜಾಸ್ತಿ, ಏನು ಮಾಡಲಾಗುತ್ತದೆ’ ಎನ್ನುವ ಮಾತೂ ಒಪ್ಪತಕ್ಕದ್ದಲ್ಲ. 2021ರ ಏಪ್ರಿಲ್ 28ರಂದು ಕೊರೋನಾ ಲಸಿಕೆಗಾಗಿ ಕೋವಿನ್ ಜಾಲತಾಣದ ಬಾಗಿಲನ್ನು 18ರಿಂದ 44 ವರ್ಷದವರಿಗೆ ತೆರೆದಾಗ ಮೊದಲು ಅದೂ ತಡವರಿಸಿತು, ಅಂಕಿಗಳು ಬರಲಿಲ್ಲ. ಆದರೂ ಅದೇ ದಿನ ಒಂದು ಕೋಟಿಗೂ ಹೆಚ್ಚು ಮಂದಿ ಹೆಸರು ಬರೆಸಿದರು. ಕೋಟಿ ಜನರನ್ನು ಒಂದೇ ದಿನ ನಿಭಾಯಿಸಲು ಬರುತ್ತದೆ ಎಂದಾಯಿತಲ್ಲ! ಯಜಮಾನಿಯರು ಎಷ್ಟು ಮಂದಿ ಬರುತ್ತಾರೆ ಎಂಬುದು ಪಡಿತರ ಚೀಟಿಯ ಲೆಕ್ಕದಿಂದ ಮೊದಲೇ ತಿಳಿಯುವ ವಿಷಯ. ಊಟಕ್ಕೆ ಎಷ್ಟು ಜನ ಎಂದು ತಿಳಿದೂ ಅನ್ನ ಸಾಲದಂತೆ ಮಾಡಿದ ಅಡಿಗೆಯವರನ್ನು ನಾವು ಸುಮ್ಮನೆ ಬಿಡುತ್ತೇವೆಯೇ?

ಹೆಂಗಸರಾದ ನಮಗೆ ಈ ಮರೆವಿನ ಅನುಭವ ಹೊಸದೂ ಅಲ್ಲ. ತವರಿನ ಪಡಿತರ ಚೀಟಿಯಿಂದ ಹೆಸರು ತೆಗೆಸಿ ಗಂಡನ ಮನೆಯದರಲ್ಲಿ ಸೇರಿಸುವಷ್ಟರಲ್ಲಿ ನಾವು ಯಾರೂ ಅಲ್ಲದ ತಿಂಗಳುಗಳು ಎಷ್ಟೋ. ಶಾಲೆಯ ಪತ್ರದಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು. ಒಂದು ಕಚೇರಿಗೆ ಗೊತ್ತಿರುವುದು ಇನ್ನೊಂದಕ್ಕೆ ಗೊತ್ತಿಲ್ಲ. ಪ್ರತಿ ಬಾಗಿಲಲ್ಲೂ ‘ನೀನು ಯಾರು, ಸಾಕ್ಷಿ ತಾ’. ಯಂತ್ರಗಳು ಬಂದಾಗ ಈ ಕಾಟ ತಪ್ಪುತ್ತದೆ ಎಂದುಕೊಂಡಿದ್ದೆವು. ಒಂದೇ ಕಚೇರಿಯ ಎರಡು ಯಂತ್ರಗಳಿಗೂ ಎರಡು ನಿಮಿಷದಲ್ಲಿ ಎರಡು ಸಲ ಸಾಕ್ಷಿ ಹೇಳಬೇಕಾಗಿ ಬಂದರೆ ಹಳೆಯ ಗುಮಾಸ್ತರೇ ವಾಸಿ ಎನ್ನಬೇಕಾಗುತ್ತದೆ.

ನಮ್ಮ ಸ್ತ್ರೀಶಕ್ತಿ ಸಂಘಗಳನ್ನು ನೋಡಿ. ಸಂಘದ ಪುಸ್ತಕ ಸಂಘದಲ್ಲಿ ಇರುತ್ತದೆ, ಪ್ರತಿ ಸದಸ್ಯೆಯ ಕೈಯಲ್ಲಿ ಅವಳದೇ ಪಾಸ್‌ಬುಕ್ ಇರುತ್ತದೆ. ಲೆಕ್ಕ ಬರೆಯುವಾಕೆ ಹೆರಿಗೆಗೆ ತವರಿಗೆ ಹೋದರೆ ಇನ್ನೊಬ್ಬಳು ಪುಸ್ತಕ ತೆರೆದು ಮುಂದುವರಿಸುತ್ತಾಳೆ. ಯಾರ ಕಂತೂ ಮರೆತುಹೋಗುವುದಿಲ್ಲ. ನೆನಪು ಒಬ್ಬರ ತಲೆಯಲ್ಲಿ ಇರಬಾರದು ಎಂಬ ಪಾಠವನ್ನು ನಮ್ಮ ಹೆಂಗಸರು ಕಂಪ್ಯೂಟರಿಲ್ಲದೇ ಕಲಿತಿದ್ದಾರೆ. ಯಂತ್ರಗಳಿಗೂ ಇದೇ ಉಪಾಯ ಸಲ್ಲುತ್ತದೆ. ನೆನಪನ್ನು ಒಂದೊಂದು ಯಂತ್ರದ ತಲೆಯಲ್ಲಿ ಇಡದೆ ಎಲ್ಲಕ್ಕೂ ಸಾಮಾನ್ಯವಾದ ಒಂದು ಉಗ್ರಾಣದಲ್ಲಿ ಇಡಬಹುದು. ಅದಕ್ಕಿಂತ ಸುಲಭವಾದದ್ದು, ಮೊದಲ ಪುಟ ತುಂಬಿದೊಡನೆ ಅದನ್ನು ಉಳಿಸಿ ಕೈಗೊಂದು ಅರ್ಜಿ ಸಂಖ್ಯೆ ಕೊಟ್ಟುಬಿಡುವುದು. ಆಮೇಲೆ ಯಂತ್ರ ಬೀಳಲಿ ಏಳಲಿ, ಆ ಸಂಖ್ಯೆ ಹೇಳಿ ನಿಲ್ಲಿಸಿದ ಪುಟದಿಂದಲೇ ಶುರುಮಾಡಬಹುದು.

ಹಾಗಾಗಿ ನಾವು ಕೇಳಬೇಕಾದದ್ದು ಇಷ್ಟು. ಒಂದು, ಕೇಂದ್ರದ ಹಲಗೆಯ ಮೇಲೆ ‘ಸರ್ವರ್ ಡೌನ್’ ಎಂದು ಬರೆಯುವುದು ನಿಲ್ಲಲಿ. ಬಿದ್ದಿದೆಯೋ, ಜಂಗುಳಿಯೋ, ಮರೆವೋ ಸ್ಪಷ್ಟವಾಗಿ ಬರೆಯಲಿ, ಯಾವಾಗಿನಿಂದ ಎಂಬುದನ್ನೂ ಬರೆಯಲಿ. ಎರಡು, ಅರ್ಧ ತುಂಬಿದ ಅರ್ಜಿ ಅರ್ಧವಾದರೂ ಉಳಿಯಲಿ. ಮೂರು, ಯಂತ್ರ ಕೆಟ್ಟ ದಿನಗಳನ್ನು ಲೆಕ್ಕ ಹಾಕಿ ಕೊನೆಯ ದಿನಾಂಕವನ್ನು ಅಷ್ಟು ದಿನ ಮುಂದೆ ಹಾಕಲಿ, ನಮ್ಮ ಬೇಡಿಕೆಗೆ ಕಾಯದೆ. ನಾಲ್ಕು, ಯಂತ್ರ ಮರೆತದ್ದಕ್ಕೆ ಎರಡನೆಯ ಸಲ ಶುಲ್ಕ ತೆಗೆದುಕೊಳ್ಳುವುದು ಬೇಡ. ಐದು, ಹೊಸ ಜಾಲತಾಣ ತೆರೆಯುವ ಮುನ್ನ ಒಂದು ಯಂತ್ರವನ್ನು ಆರಿಸಿ ಮಾಡುವ ಆ ಅರ್ಧ ಗಂಟೆಯ ಪರೀಕ್ಷೆಯ ಫಲಿತಾಂಶವನ್ನು ಜನರ ಮುಂದೆ ಇಡಲಿ.

ಇವು ಯಾವುವೂ ಕೋಟಿಗಟ್ಟಲೆ ಹಣ ಕೇಳುವ ಬೇಡಿಕೆಗಳಲ್ಲ. ತಮ್ಮ ಮನೆಯ ದೀಪ ಆರಿದಾಗ ಎಣ್ಣೆ ಮುಗಿಯಿತೋ, ಬತ್ತಿ ಸುಟ್ಟಿತೋ, ಗಾಳಿ ಬೀಸಿತೋ ಎಂದು ನೋಡುವಷ್ಟು ಕಾಳಜಿ ಸಾಕು. ಅದನ್ನು ಅವರು ತಾವಾಗಿ ಮಾಡುವುದಿಲ್ಲ, ನಾವು ಕೇಳಬೇಕು. ಮುಂದಿನ ಸಲ ಗಾಜಿನ ಆಚೆಯಿಂದ ‘ಸರ್ವರ್ ಡೌನ್’ ಎಂಬ ಮಾತು ಬಂದಾಗ ಸೆರಗು ಸರಿಮಾಡಿಕೊಂಡು ಹಿಂದಿರುಗಬೇಡಿ. ‘ಪುಟ ತೆರೆಯುತ್ತಿಲ್ಲವೋ, ನಿಧಾನವೋ, ನಡುವೆ ಹೊರಗೆ ಹಾಕಿತೋ?’ ಎಂದು ಕೇಳಿ. ಹೊರಗೆ ಹಾಕಿತು ಎಂದರೆ ದಿನಾಂಕ, ಗಂಟೆ, ಯಾವ ಪುಟ ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಹತ್ತು ಜನ ಸೇರಿ ಸಹಿ ಹಾಕಿ ಮೇಲಿನ ಕಚೇರಿಗೆ ಕೊಡಿ. ಕಾಯಿಲೆ ಹುಡುಕುವವರಿಗೆ ಆ ಚೀಟಿಯಷ್ಟು ಬೆಲೆಬಾಳುವ ವಸ್ತು ಇನ್ನೊಂದಿಲ್ಲ. ಯಂತ್ರದ ದಿನಚರಿಯಲ್ಲಿ ಆ ಗಂಟೆಯ ಸಾಲನ್ನು ತೆರೆದರೆ ತಪ್ಪು ಅಲ್ಲೇ ಕುಳಿತಿರುತ್ತದೆ. ಇನ್ನು ಆರು ಅಂಕಿಯನ್ನು ನೀವು ಸರಿಯಾಗಿ ಓದಿದ್ದೀರಿ. ಆ ವಿಷಯದಲ್ಲಿ ಅನುಮಾನ ಬೇಡ.